ಬರಬೇಕಾದ ಮೇಲ್ ಎಲ್ಲಿ ನಿಂತದ?

ಈ ಸಲ ಲಿಂಬಿ, ತೊಗರಿ ಬಿಟ್ಟು ಇ-ಮೇಲ್ ಬಗ್ಗೆ ಬರೀತೀನಿ. ನಮಗ್ಯಾಕ ಅದು ಅನ್ನಬ್ಯಾಡ್ರಿ. ಮಣ್ಣು ಪರೀಕ್ಷೆ ವರದಿ, ಡ್ರಿಪ್ ಕೊಟೇಶನ್, ವಿಮಾ ಕಾಗದ ಎಲ್ಲಾ ಈಗ ಅದರಾಗ ಬರಾಕತ್ಯಾವ. ಹೊರದೇಶಕ್ಕ ಲಿಂಬಿ ಕಳಿಸೋರಂತೂ ಮೇಲ್ ಇಲ್ಲದ ಮಾತೇ ಆಡೂದಿಲ್ಲ.

ಹೋದ ತಿಂಗಳ ಅಂಥ ಒಬ್ಬ ಖರೀದಿದಾರರು ನನಗ ಫಾರ್ಮ್ ಕಳಿಸಿದ್ರು. ಗಿಡ ಎಷ್ಟು, ಯಾವ ಔಷಧಿ ಯಾವ ತಾರೀಖಿಗೆ ಹೊಡದೀವಿ, ಎಲ್ಲ ತುಂಬಿ ಶನಿವಾರದೊಳಗ ತಿರುಗಿ ಕಳಿಸಬೇಕು. ಬುಧವಾರ ಫೋನ್ ಬಂತು: "ಅಣ್ಣಾರ, ಎರಡ ಸಲ ಕಳಿಸೀನ್ರಿ, ನಿಮ್ಮ ಉತ್ತರಾನ ಇಲ್ಲ." ನನ್ನ ಫೋನಿನಾಗ ಒಂದೂ ಬಂದಿಲ್ಲ. ಇಲ್ಲಿ ಸವಾಲಿನ ದರಕ್ಕಿಂತ ಚಲೋ ದರ ಮಾತಾಗಿತ್ತು, ಒಂದು ಕಾಗದದ ಸಲುವಾಗಿ ಕೈಬಿಡೂ ಹಂಗಾತು.

ಕಾಲುವೆ ತುದಿ ಹೊಲಕ್ಕ ನೀರು ಬರದಿದ್ರ ನಾವು ಗೇಟಿನಿಂದ ನಡಕೋತ ಬರ್ತೀವಿ. ಎಲ್ಲಿ ಒಡದದ, ಎಲ್ಲಿ ತಿರುವ್ಯಾರ ಅಂತ ನೋಡ್ತೀವಿ. ಮೇಲಿಗೂ ಹಂಗ ನಡೀಬೇಕು.

1) ವಿಳಾಸ. ಅವರು ಬರಕೊಂಡಿದ್ದನ್ನ ಒಂದೊಂದೇ ಅಕ್ಷರ ಅವರ ಬಾಯಿಂದ ಓದಿಸ್ರಿ. ಜಿಮೇಲ್‌ನಾಗ ಹೆಸರಿನ ನಡುವಿನ ಚುಕ್ಕಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಆದ್ರ ಒಂದು ಅಕ್ಷರ, ಒಂದು ಅಂಕಿ ತಪ್ಪಿದ್ರ ಮೇಲ್ ಬ್ಯಾರೆಯವರ ಮನಿಗಿ ಹೋಗ್ತದ.

2) ಸ್ಪ್ಯಾಮ್. ಕಸ ಅಂತ ತಿಳಿದು ಜಿಮೇಲ್ ತಾನಾಗಿ ಅಲ್ಲಿ ಒಗೀತದ. 30 ದಿವಸ ಆದ ಮ್ಯಾಲ ಅಳಿಸಿಬಿಡ್ತದ. ಸಿಕ್ರ 'ನಾಟ್ ಸ್ಪ್ಯಾಮ್' ಒತ್ತರಿ, ಮುಂದಿನ ಸಲಕ್ಕ ಅದಕ್ಕ ಗುರುತು ಹತ್ತತದ.

3) ಆಲ್ ಮೇಲ್. ನಮ್ಮೂರ ಹೆಸರ ಅಂತ ನೆನಪಿಡ್ರಿ! ಫೋನಿನಾಗ ಬಟ್ಟು ಸರಿಸಿದ್ರ ಮೇಲ್ ಇನ್‌ಬಾಕ್ಸ್‌ನಿಂದ ಮರೆಯಾಗ್ತದ, ಅಳಿಸಿ ಹೋಗಿರೂದಿಲ್ಲ. ಆಲ್ ಮೇಲ್‌ನಾಗ ಕುಂತಿರ್ತದ. ಸ್ಪ್ಯಾಮ್ ಮತ್ತ ಟ್ರ್ಯಾಶ್ ಮಾತ್ರ ಅದರಾಗ ಕಾಣೂದಿಲ್ಲ, ಅವನ್ನ ಬ್ಯಾರೆ ತಗದು ನೋಡ್ರಿ.

4) ಜಾಗ. ನನ್ನ ಮೇಲ್ ನಿಂತಿದ್ದು ಇಲ್ಲೇ. ಕಳಿಸಿದವರಿಗೆ, "ನಿಮ್ಮ ಕಡೆ ಏನರ ವಾಪಸ್ ಬಂದದೇನ್ ನೋಡ್ರಿ" ಅಂದೆ. ಎರಡೂ ಮೇಲ್ ತಿರುಗಿ ಹೋಗಿದ್ವು. ನನ್ನ ಖಾತೆ ತುಂಬ್ಯಾದ ಅಂತ ಅದರಾಗ ಬರದಿತ್ತು. ಗೂಗಲ್ ಪುಕ್ಕಟೆ ಕೊಡೂದು 15 ಜಿಬಿ, ಅದರಾಗ ಮೇಲ್, ಫೋಟೋ, ಡ್ರೈವ್ ಮೂರೂ ಬರ್ತಾವ. ಮೊದಲ ವಾಟ್ಸಾಪ್ ಬ್ಯಾಕಪ್ ಲೆಕ್ಕಕ್ಕ ಇರಲಿಲ್ಲ, 2024ರಿಂದ ಅದೂ ಇದರಾಗ ಸೇರ್ತದ. ಗ್ರೂಪಿನ ವಿಡಿಯೋ ಎಲ್ಲ ಅಲ್ಲೇ ಜಮಾ ಆಗಿದ್ವು. ಬ್ಯಾಕಪ್‌ನಾಗ ವಿಡಿಯೋ ಬ್ಯಾಡ ಅಂತ ಸೆಟ್ ಮಾಡಿದೆ, ಹಳೇ ವಿಡಿಯೋ ಅಳಿಸಿದೆ, ಟ್ರ್ಯಾಶ್ ಖಾಲಿ ಮಾಡಿದೆ. ಜಾಗ ಆತು. ಆದ್ರ ತಿರುಗಿ ಹೋದ ಮೇಲ್ ತಾನಾಗಿ ಬರೂದಿಲ್ರಿ, ಅವರು ಮತ್ತೊಮ್ಮೆ ಕಳಿಸಬೇಕು. ಕಳಿಸಿದ್ರು, ಶುಕ್ರವಾರ ರಾತ್ರಿ ಫಾರ್ಮ್ ತುಂಬಿ ಮುಟ್ಟಿಸಿದೆ.

ಇಷ್ಟು ಆದ ಮ್ಯಾಲ ಇನ್ನೊಂದು ನೆನಪಾತು. ನಾಕ ವರ್ಷದ ಹಿಂದ ಡ್ರಿಪ್ ಅರ್ಜಿ ಹಾಕುವಾಗ ಒಂದು ಕಂಪ್ಯೂಟರ್ ಅಂಗಡಿಯವರು ನನ್ನ ಹೆಸರಲೆ ಮೇಲ್ ತಗದಿದ್ರು. ಪಾಸ್‌ವರ್ಡ್ ಅವರದು, ಮೊಬೈಲ್ ನಂಬರೂ ಅವರದು. ಆ ನಂಬರ್ ಈಗ ಚಾಲೂ ಇಲ್ಲ, ಮೇಲ್ ತಗಿಯಾಕ ಬರವಲ್ದು. ಅರ್ಜಿ ಮ್ಯಾಲ ಮಾತ್ರ ಅದ ವಿಳಾಸ ಅದ. ಕಚೇರಿಗೆ ಹೋಗಿ ಬದಲಿ ಮಾಡಸ್ರಿ ಅಂತ ಬರದು ಕೊಟ್ಟು ಬಂದೀನಿ. ಹೊಲ ನಮ್ಮದಿದ್ದು ಉತಾರಿ ಇನ್ನೊಬ್ಬರ ಹೆಸರಿಗಿದ್ರ ಹೆಂಗ? ಇದೂ ಹಂಗ. ನಿಮ್ಮ ಅರ್ಜಿಗಳ ಮ್ಯಾಲ ಯಾವ ಮೇಲ್ ಅದ, ಇವತ್ತೇ ತಗದು ನೋಡ್ರಿ.

ಯಾವ ಮೇಲ್ ಚಲೋ ಅಂತ ಮಂದಿ ಕೇಳ್ತಾರ. ಚೆನ್ನೈನವರ ಜೋಹೋ ಮೇಲ್ ಅದ, 2025ರ ಅಕ್ಟೋಬರ್‌ನಾಗ ಕೇಂದ್ರ ಗೃಹಮಂತ್ರಿ ಅಮಿತ್ ಶಾ ಅವರೂ ಅದಕ್ಕ ಹೋದ್ರು. ಜಿಮೇಲ್ ಆದ್ರ ನಮ್ಮ ಫೋನಿನಾಗ ಮೊದಲ ಇರ್ತದ, ಮಕ್ಕಳಿಗೂ ಗೊತ್ತು. ಯಾವುದಾದ್ರೂ ನಡೀತದ, ಇಟ್ಟುಕೊಳ್ಳೂ ಪದ್ಧತಿ ಸರಿ ಇರಬೇಕು. ನಾನು ಈಗ ಎರಡು ಖಾತೆ ಮಾಡೀನಿ. ಹಳೇದು ಫೋಟೋ, ವಾಟ್ಸಾಪ್‌ಗೆ. ಹೊಸಾದು ಬರೇ ಕಾಗದಪತ್ರಕ್ಕ, ಅದಕ್ಕ ಬ್ಯಾಕಪ್ ಹಚ್ಚಿಲ್ಲ, ಹಿಂಗಾಗಿ ತುಂಬೂ ಚಿಂತಿ ಇಲ್ಲ. ಎರಡೂ ಒಂದ ಫೋನಿನಾಗ ಕಾಣ್ತಾವ. ರಿಕವರಿ ನಂಬರ್ ನನ್ನದು, ಪಾಸ್‌ವರ್ಡ್ ಮನ್ಯಾಗ ಬ್ಯಾಂಕ್ ಪಾಸ್‌ಬುಕ್ ಜೋಡಿ ಬರದಿಟ್ಟೀನಿ. ಎರಡು ವರ್ಷ ಮುಟ್ಟದೇ ಬಿಟ್ರ ಗೂಗಲ್ ಖಾತೇನ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಆ ನಿಯಮ ಜಾರಿಯಾಗ್ಯಾದ. ಅದಕ್ಕ ಪ್ರತಿ ವಾರ ಸಂತಿ ದಿವಸ ಒಮ್ಮೆ ತಗದು ಇನ್‌ಬಾಕ್ಸ್, ಸ್ಪ್ಯಾಮ್ ಎರಡೂ ನೋಡ್ತೀನಿ.

ಯಾರಿಗರ ತೊಡಕಾದ್ರ ಸಂಜಿಗೆ ಫೋನ್ ತಗೊಂಡು ತ್ವಾಟಕ್ಕ ಬರ್ರಿ, ಕೂಡಿ ನೋಡೂಣು. ಪಾಸ್‌ವರ್ಡ್, ಒಟಿಪಿ ಮಾತ್ರ ನನಗೂ ಹೇಳಬ್ಯಾಡ್ರಿ, ನಿಮ್ಮ ಕೈಯಾರೆ ಒತ್ತರಿ.