ಮುಳುಗಿದ ದ್ವೀಪದ ಲೆಕ್ಕ

ಕಾಮರ್ಸ್ ಓದುವವನಿಗೆ ಗ್ರೀಕರ ಕತೆ ಯಾಕಪ್ಪಾ ಅಂತ ಕೇಳುವ ಗೆಳೆಯರಿದ್ದಾರೆ. ಅಟ್ಲಾಂಟಿಸ್ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಲೆಕ್ಕ.

ಕತೆ ಹೇಳಿದವನು ಪ್ಲೇಟೋ, ಕ್ರಿ.ಪೂ. 360ರ ಸುಮಾರಿಗೆ, ‘ಟಿಮೇಯಸ್’ ಮತ್ತು ‘ಕ್ರಿಟಿಯಾಸ್’ ಎಂಬ ಎರಡು ಸಂವಾದಗಳಲ್ಲಿ. ಈಗಿನ ಜಿಬ್ರಾಲ್ಟರ್ ಜಲಸಂಧಿಯ ಆಚೆ ಒಂದು ಭಾರೀ ದ್ವೀಪ. ಒಂದು ಹಗಲು ಒಂದು ರಾತ್ರಿಯಲ್ಲಿ ಅದು ಸಮುದ್ರದ ಪಾಲಾಯಿತು. ಅದರ ಬಯಲು ಉದ್ದ 3,000 ಸ್ಟೇಡಿಯ, ಅಗಲ 2,000. ಅಲ್ಲಿ 60,000 ಪಾಲು, ಪ್ರತಿ ಪಾಲು ಹತ್ತಕ್ಕೆ ಹತ್ತು ಸ್ಟೇಡಿಯ. ಗುಣಿಸಿ ನೋಡಿ, ಸರಿಹೋಗುತ್ತೆ. ಪಾಲಿಗೆ ನಾಲ್ವರು ನಾವಿಕರು, ಒಟ್ಟು 1,200 ಹಡಗು. ಭಾಗಿಸಿದರೆ ಹಡಗಿಗೆ 200 ಜನ!

ಪೈಸೆಯೂ ಹೆಚ್ಚುಕಮ್ಮಿಯಿಲ್ಲದ ಲೆಕ್ಕ ಕಂಡರೆ ಆಡಿಟರ್ ಖುಷಿಪಡುವುದಿಲ್ಲ, ವೋಚರ್ ಕೇಳುತ್ತಾನೆ. ಈಜಿಪ್ಟಿನ ಪೂಜಾರಿ ಸೋಲನ್‌ಗೆ ಹೇಳಿದನಂತೆ. ಅದು ಬಾಯಿಂದ ಬಾಯಿಗೆ ಬಂದು ಕ್ರಿಟಿಯಾಸನಿಗೆ ಮುಟ್ಟಿತಂತೆ. ಸೋಲನ್ ಬರೆದಿಟ್ಟದ್ದು ನನ್ನ ಹತ್ತಿರವೇ ಇದೆ ಅನ್ನುತ್ತಾನೆ ಕ್ರಿಟಿಯಾಸ್. ತೋರಿಸುವುದಿಲ್ಲ. ಅಟ್ಲಾಂಟಿಕ್ ಸಾಗರದ ತಳವನ್ನು ಅಳೆದವರಿಗೂ ಮುಳುಗಿದ ಖಂಡ ಸಿಗಲಿಲ್ಲ.

ಹಾಗಾದರೆ ಬರೀ ಸುಳ್ಳೇ? ಆ 200ನ್ನು ಮತ್ತೆ ನೋಡಿ. ಪ್ಲೇಟೋನ ಊರಾದ ಅಥೆನ್ಸಿನ ಯುದ್ಧನೌಕೆಗೆ ಬೇಕಿದ್ದ ಜನವೂ ಸುಮಾರು 200. ಹಡಗುಗಳಿಂದಲೇ ಸಾಮ್ರಾಜ್ಯ ಕಟ್ಟಿದ ಆ ಊರು ಕ್ರಿ.ಪೂ. 404ರಲ್ಲಿ ಸ್ಪಾರ್ಟಾಕ್ಕೆ ಶರಣಾಯಿತು. ಆಗ ಪ್ಲೇಟೋ ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವನು, ಅಷ್ಟೇ. ಅಂಕಿ ಬರೆಯುವಾಗ ಅವನ ಕಣ್ಣೆದುರು ಇದ್ದದ್ದು ಯಾವ ಬಂದರು ಅಂತ ನನಗಂತೂ ಅನುಮಾನವಿಲ್ಲ.

ದ್ವೀಪದ ಜನ ಮೊದಲು ಚಿನ್ನವನ್ನು ಹೊರೆ ಅಂತಲೇ ತಿಳಿದಿದ್ದರು. ಬರುಬರುತ್ತಾ ಆಸೆ ಹತ್ತಿತು ಅನ್ನುತ್ತಾನೆ ಪ್ಲೇಟೋ. ಹಡಗು, ರಥ, ಪಾಲು ಎಲ್ಲದಕ್ಕೂ ಅಂಕಿ ಕೊಟ್ಟವನು ಇದಕ್ಕೆ ಮಾತ್ರ ಅಂಕಿ ಕೊಡುವುದಿಲ್ಲ. ಡಿಗ್ರಿ ಮುಗಿದರೆ ನಾನೂ ಯಾರದೋ ಚಿನ್ನದ ಲೆಕ್ಕ ಬರೆಯಲು ಕೂರುವವನು. ಮನೆಯವರ ಆಸೆ ಅದೇ, ನನ್ನದೂ ಅದೇ. ಸಂಬಳ ಯಾವ ತಿಂಗಳಿಂದ ಸಾಲದೆನ್ನಿಸತೊಡಗುತ್ತದೆ ಎನ್ನುವುದನ್ನು ಯಾವ ಲೆಡ್ಜರಿನಲ್ಲಿ ಬರೆಯುವುದು? ಅದಕ್ಕೇ ಈ ಕತೆ ನನ್ನನ್ನು ಬಿಡುತ್ತಿಲ್ಲ.

‘ಕ್ರಿಟಿಯಾಸ್’ ಅರ್ಧಕ್ಕೇ ನಿಂತಿದೆ. ಜಿಯಸ್ ಶಿಕ್ಷೆ ಕೊಡಲು ದೇವತೆಗಳನ್ನೆಲ್ಲ ಸೇರಿಸಿ ಬಾಯಿ ತೆರೆಯುತ್ತಾನೆ. ಮುಂದೆ ಒಂದಕ್ಷರವಿಲ್ಲ. ಅವನು ಏನಂದಿರಬಹುದು? ಬಲ್ಲ ಗೆಳೆಯರು ಮುಂದಿನ ಸಂಚಿಕೆಗೆ ಬರೆಯಲಿ.