ಎಳೆ ಎಣಿಸಿ ಕಲಿಯುವ ಚಿತ್ರಕಲೆ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ದಾರಿ ಸುಮಾರು 20 ಕಿಲೋಮೀಟರು. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು ಎಂದು ಹೇಳುವುದು ವಾಡಿಕೆ. 1962ರಲ್ಲಿ ಒಂದೇ ನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟ ಈ ಅವಳಿ ನಗರಕ್ಕೆ ಬಂದವರು ಉಣಕಲ್ ಕೆರೆಯ ದಂಡೆಯಲ್ಲಿ ಗಾಳಿ ಸೇವಿಸಿ, ಧಾರವಾಡದ ಫೇಡೆ ಕಟ್ಟಿಸಿಕೊಂಡು ಮರಳುತ್ತಾರೆ. ಆದರೆ ಡ್ರಾಯಿಂಗ್ ಪುಸ್ತಕ ಹಿಡಿದ ಶಾಲೆಯ ಹುಡುಗ ಹುಡುಗಿಯರಿಗೆ ಈ ದಾರಿಯೇ ಒಂದು ಚಿತ್ರಶಾಲೆಯಾಗಬಲ್ಲದು.

ಮೊದಲ ಪಾಠ ಉಣಕಲ್ಲಿನಲ್ಲಿಯೇ ಇದೆ. ಅಲ್ಲಿಯ ಚಂದ್ರಮೌಳೀಶ್ವರ ದೇವಾಲಯ ಚಾಲುಕ್ಯರ ಕಾಲದ ಶಿಲ್ಪ. ಅದರ ಕಲ್ಲಿನ ಜಾಲಂಧ್ರಗಳನ್ನು ಒಮ್ಮೆಗೇ ಬರೆಯಹೊರಟ ಬಾಲಕ ಸೋಲುವುದು ಸಹಜ. ಸ್ವಲ್ಪ ಹೊತ್ತು ನೋಡುತ್ತ ನಿಂತರೆ ಗುಟ್ಟು ತಿಳಿಯುತ್ತದೆ. ಒಂದು ಸಣ್ಣ ಆಕೃತಿ ಅಳತೆ ತಪ್ಪದೆ ಮತ್ತೆ ಮತ್ತೆ ಬಂದಿರುತ್ತದೆ. ಶಿಲ್ಪಿ ಉಳಿಸಿದ ಕಲ್ಲಿಗೆ ಎಷ್ಟು ರೂಪವಿದೆಯೋ ಕೊರೆದು ತೆಗೆದ ಖಾಲಿ ಜಾಗಕ್ಕೂ ಅಷ್ಟೇ ರೂಪವಿದೆ. ವಿನ್ಯಾಸವೆಂಬುದು ಕೈಚಳಕಕ್ಕಿಂತ ಮೊದಲು ಕಣ್ಣಿನ ಶಿಸ್ತು ಎಂಬ ಮಾತು ಇಲ್ಲಿ ಅರ್ಥವಾಗುತ್ತದೆ.

ಎರಡನೆಯ ಪಾಠಕ್ಕೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಖಾದಿಯ ರಾಷ್ಟ್ರಧ್ವಜ ಇಲ್ಲಿ ಸಿದ್ಧವಾಗುತ್ತದೆ. 6 ಅಂಗುಲ ಉದ್ದ, 4 ಅಂಗುಲ ಅಗಲದ ಪುಟ್ಟ ಧ್ವಜದಿಂದ 21 ಅಡಿ ಉದ್ದ, 14 ಅಡಿ ಅಗಲದ ದೊಡ್ಡ ಧ್ವಜದವರೆಗೆ ಒಟ್ಟು 9 ಅಳತೆಗಳುಂಟು. ಅಳತೆ ಯಾವುದಾದರೂ ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ 3ಕ್ಕೆ 2 ಮಾತ್ರ. ಹಾಳೆಯ ಮೇಲೆ 18 ಸೆಂಟಿಮೀಟರು ಉದ್ದ, 12 ಸೆಂಟಿಮೀಟರು ಅಗಲ ಗುರುತಿಸಿಕೊಂಡರೆ ಒಂದೊಂದು ಪಟ್ಟಿಗೆ 4 ಸೆಂಟಿಮೀಟರು ಬರುತ್ತದೆ. ಚಕ್ರದ 24 ಅರೆಗಳಿಗೆ ಕೋನಮಾಪಕದಿಂದ 15 ಅಂಶಕ್ಕೊಂದು ಗೆರೆ. ಚಕ್ರವು ಬಟ್ಟೆಯ ಎರಡೂ ಮಗ್ಗುಲಿಗೆ ಸರಿಯಾಗಿ ಕಾಣಿಸಬೇಕೆಂಬುದು ನಿಯಮ. ಪ್ರತಿವರ್ಷ ಆಗಸ್ಟಿನಲ್ಲಿ ಅವಸರದಿಂದ ಧ್ವಜ ಬರೆಯುವ ಮಕ್ಕಳು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದರೆ ಚಿತ್ರದ ಜೊತೆಗೆ ಗಣಿತವೂ ಕೈವಶವಾಗುತ್ತದೆ.

ಎರಡೂ ಮಗ್ಗುಲು ಒಂದೇ ಆಗಿರಬೇಕೆಂಬ ಹಟ ಈ ನಾಡಿಗೆ ಹೊಸದಲ್ಲ. ಧಾರವಾಡದ ಕಸೂತಿಯಲ್ಲಿ ಅದು ತಲೆಮಾರುಗಳಿಂದ ಬಂದಿದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ 4 ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ತುಳಸಿಕಟ್ಟೆ, ನವಿಲು, ಅಂಬಾರಿ, ತೊಟ್ಟಿಲು ಎಲ್ಲವೂ ಇಳಕಲ್ ಸೀರೆಯ ಮೇಲೆ ಮೂಡುತ್ತವೆ. ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸುತ್ತ ಸೂಜಿ ನಡೆಯಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಎಡೆಯನ್ನು ಮರಳುವಾಗ ತುಂಬುತ್ತದೆ. ಒಂದು ಎಳೆ ತಪ್ಪಿದರೆ ತೇರು ವಾಲುತ್ತದೆ. ಹೆಸರು ಬರೆದಿಡದ ಎಷ್ಟೋ ಹೆಣ್ಣುಮಕ್ಕಳು ಇಂಥ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬಾಳಿದರು.

ಶಾಸ್ತ್ರೀಯವಾದ ಚಿತ್ರಶಿಕ್ಷಣಕ್ಕೂ ಧಾರವಾಡದಲ್ಲಿ ಹಳೆಯ ಬೇರುಗಳಿವೆ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಡಿ. ವಿ. ಹಾಲಭಾವಿಯವರು ಸ್ವಾತಂತ್ರ್ಯ ಬರುವ ಮೊದಲೇ ಇಲ್ಲಿ ಕಲಾಶಾಲೆಯೊಂದನ್ನು ತೆರೆದರು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಹುಡುಗರು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿದ್ದರು. 1956ರ ನವೆಂಬರ್ 1ರಂದು ರಾಜ್ಯ ಒಂದುಗೂಡಿತು. ಕರ್ನಾಟಕದ ಡ್ರಾಯಿಂಗ್ ಪರೀಕ್ಷೆಗಳಿಗೆ ಲೋವರ್, ಹೈಯರ್ ಎಂದು ಹೆಸರು. ವಸ್ತುಚಿತ್ರ, ನಿಸರ್ಗಚಿತ್ರಗಳ ಜೊತೆಗೆ ವಿನ್ಯಾಸವೂ ಪರೀಕ್ಷೆಯ ವಿಷಯವೆಂಬುದನ್ನು ತಂದೆತಾಯಿಗಳು ನೆನಪಿಡಬೇಕು.

ಹೀಗಿದ್ದರೂ ಎಷ್ಟೋ ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆ ಹತ್ತಿರ ಬಂದೊಡನೆ ಮೊದಲು ಮರೆಯಾಗುವುದು ಚಿತ್ರಕಲೆಯ ಅವಧಿಯೇ. ಉಳಿದ ಅವಧಿಯಲ್ಲೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ ಎಂಬ ಒಂದೇ ಚಿತ್ರವನ್ನು ಮಕ್ಕಳು ನಕಲು ಮಾಡುವುದುಂಟು. ಅದೇ ಮನೆಯಲ್ಲಿ ಅಜ್ಜಿಯ ಟ್ರಂಕಿನಲ್ಲಿರುವ ಕಪ್ಪು ಚಂದ್ರಕಾಳಿ ಸೀರೆ ಮಡಿಕೆಯ ಗುಂಟ ಹರಿಯತೊಡಗಿರುತ್ತದೆ. ಅದರ ಮೇಲಿನ ತೇರನ್ನು ಹೇಗೆ ಎಣಿಸಬೇಕೆಂಬುದು ಯಾವ ಪುಸ್ತಕದಲ್ಲಿಯೂ ಇರಲಾರದು. ಅಜ್ಜಿಗೆ ಗೊತ್ತಿರುತ್ತದೆ, ಮೊಮ್ಮಗಳಿಗೆ ಗೊತ್ತಿರುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಗಣಿತದ ಚೌಕುಳಿ ಹಾಳೆ ಮತ್ತು ಎರಡು ಬಣ್ಣದ ಪೆನ್ಸಿಲು ಮಾತ್ರ. ಒಂದು ಹೊಲಿಗೆಗೆ ಒಂದು ಚೌಕವೆಂದು ಹಿಡಿದು, ಸೂಜಿ ಹೋದ ದಾರಿಗೆ ಒಂದು ಬಣ್ಣ, ಮರಳಿದ ದಾರಿಗೆ ಇನ್ನೊಂದು ಬಣ್ಣ ಹಾಕುತ್ತ ಹೋದರೆ ಗವಂತಿಯ ಗೋಪುರ ಹಾಳೆಯ ಮೇಲೆ ಏಳುತ್ತದೆ. ಹಳೆಯದನ್ನು ಬರೆದು ಮುಗಿಸಿದ ಮಗು ತಾನೇ ಹೊಸದೊಂದನ್ನು, ಒಂದು ಸೈಕಲ್ಲನ್ನೋ ರೈಲನ್ನೋ, ಅದೇ ಲೆಕ್ಕದಲ್ಲಿ ಕಟ್ಟಲೆಳಸುತ್ತದೆ. ನಕಲು ಮುಗಿದು ಸೃಷ್ಟಿ ಆರಂಭವಾಗುವುದು ಅಲ್ಲಿಯೇ. ಅಜ್ಜಿ ಪಕ್ಕದಲ್ಲಿ ಕುಳಿತು, "ಇಲ್ಲೊಂದು ಎಳಿ ಬಿಟ್ಟೀ ನೋಡವ್ವಾ" ಎಂದು ತಿದ್ದುವಷ್ಟು ದಿನ ಆ ಪಾಠಕ್ಕೆ ಬೇರೆ ಗುರುಗಳ ಅಗತ್ಯವಿಲ್ಲ.