ಊಟವಾಯಿತೆ, ಮೇಷ್ಟ್ರೇ?

ನಾನು ಉಪಾಧ್ಯಾಯನಾಗಿ ಬೀರೂರಿಗೆ ಹೋದದ್ದು 1985ರಲ್ಲಿ. ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ವೃದ್ಧರೊಬ್ಬರಿದ್ದರು. ಬಹುಕಾಲ ಹಳಿ ಬದಲಿಸುವ ಕೆಲಸ ಮಾಡಿದ ಅವರನ್ನು ಊರವರೆಲ್ಲ ‘ರೈಲ್ವೆ ತಾತ’ ಎನ್ನುತ್ತಿದ್ದರು. ಎದುರಾದವರನ್ನೆಲ್ಲ ಅವರು ಕೇಳುತ್ತಿದ್ದುದು ಒಂದೇ ಮಾತು: “ಊಟವಾಯಿತೆ?” ಒಂಟಿಯಾಗಿದ್ದ ನನಗೆ ದಿನನಿತ್ಯದ ಈ ವಿಚಾರಣೆ ಬೇಸರ ತಂದಿತು. ಒಂದು ಸಂಜೆ, “ಅದು ನಿಮಗೇಕೆ?” ಎಂದುಬಿಟ್ಟೆ.

ತಾತ ಕೋಪಿಸಿಕೊಳ್ಳಲಿಲ್ಲ. ಜಗಲಿಯ ಮೇಲೆ ಕುಳಿತು ಮೆಲ್ಲನೆ ಹೇಳಿದರು: “ರೈಲ್ವೆಗೆ ಸೇರುವ ಮೊದಲು ನಾನು ನೌಕಾಪಡೆಯಲ್ಲಿದ್ದೆ, ಮೇಷ್ಟ್ರೇ. 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ಕೆಟ್ಟ ಅನ್ನವನ್ನು ತಿರಸ್ಕರಿಸಿ ಮುಷ್ಕರ ಹೂಡಿದವರಲ್ಲಿ ನಾನೂ ಒಬ್ಬ. ಅದು ಹಡಗಿನಿಂದ ಹಡಗಿಗೆ ಹಬ್ಬಿತು. ಅಧಿಕಾರಿಗಳ ಬೈಗುಳ ನಮಗೆ ನಿತ್ಯದ ಪಾಲು, ‘ಉಂಡೆಯಾ?’ ಎಂದು ಕೇಳುವವರು ಒಬ್ಬರೂ ಇರಲಿಲ್ಲ.”

ಹೀಗೆಂದು ಒಳಗೆ ಹೋಗಿ ರಾಗಿರೊಟ್ಟಿ ತಂದಿಟ್ಟರು. ನಾನು ತಲೆತಗ್ಗಿಸಿ ತಿಂದೆ. ಕ್ಷಮೆ ಕೇಳಲು ನಾಲಗೆ ಏಳಲಿಲ್ಲ.

ಮರುದಿನದಿಂದ ಹಾಜರಿ ಕರೆಯುವ ಮುನ್ನ, “ಎಲ್ಲರೂ ಉಂಡು ಬಂದಿರಾ?” ಎಂದು ಮಕ್ಕಳನ್ನು ಕೇಳತೊಡಗಿದೆ. ಉತ್ತರಿಸದೆ ನೆಲ ನೋಡುವ ಮಗುವನ್ನು ಗುರುತಿಸಲು ಕಲಿತೆ. ನಿವೃತ್ತನಾಗುವವರೆಗೂ ಆ ರೂಢಿಯನ್ನು ಬಿಡಲಿಲ್ಲ.

ತಾತ ತೀರಿಕೊಂಡು ಬಹಳ ವರ್ಷಗಳಾದವು. ಊರಿಗೆಲ್ಲ ಆ ಪ್ರಶ್ನೆ ಕೇಳಿದ ಅವರನ್ನು ನಾನು ಒಮ್ಮೆಯಾದರೂ, “ನಿಮ್ಮ ಊಟವಾಯಿತೆ, ತಾತ?” ಎಂದು ಕೇಳಲಿಲ್ಲ. ಆ ಕೊರಗು ಇಂದಿಗೂ ಉಳಿದಿದೆ.